ರೂಮಿಗೆ ಬಂದರೆ ಕೆಲಸಕ್ಕೆ ಕೂರುವ ಮನಸ್ಸು ಬರಬೇಕು, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹತ್ತಡಿಗೆ ಹತ್ತಡಿ ರೂಮು. ಅದರಲ್ಲೇ ಮಂಚ, ಟೇಬಲ್, ಬೀರು. ಉಳಿದ ಜಾಗದಲ್ಲೆಲ್ಲ ಸಾಮಾನು. ಎಷ್ಟು ಸಲ ಎತ್ತಿಟ್ಟರೂ ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಚಿತ್ರ ಬಿಡಿಸಬೇಕು, ಬರೆಯಬೇಕು ಅಂತ ಆಸೆ ಇದೆ, ಆದರೆ ರೂಮಿಗೆ ಕಾಲಿಟ್ಟ ಕೂಡಲೇ ಮಲಗಿಬಿಡೋಣ ಅನ್ನಿಸುತ್ತದೆ. ಗೋಡೆಗೆ ಯಾವ ಬಣ್ಣ ಹೊಡೆಸಿದರೆ ಉತ್ಸಾಹ ಬರುತ್ತದೆ ಅಂತಲೂ ಕೇಳಿದ್ದೀರಿ.

ಬಣ್ಣದ ಮಾತು ಮೊದಲೇ ಮುಗಿಸಿಬಿಡುತ್ತೇನೆ. ತಿಳಿ ಬಣ್ಣವಿದ್ದರೆ ಕಿಟಕಿಯ ಬೆಳಕು ಗೋಡೆಗೆ ತಾಗಿ ರೂಮೆಲ್ಲ ಹರಡುತ್ತದೆ, ಗಾಢ ಬಣ್ಣ ಬೆಳಕನ್ನು ನುಂಗುತ್ತದೆ. ಚಿಕ್ಕ ರೂಮಾದ್ದರಿಂದ ತಿಳಿ ಬಣ್ಣವೇ ಇರಲಿ. ಅದಕ್ಕಿಂತ ಜಾಸ್ತಿ ಏನನ್ನೂ ಬಣ್ಣದಿಂದ ನಿರೀಕ್ಷಿಸಬೇಡಿ. ಈಗಿರುವ ಗೋಡೆ ಚೆನ್ನಾಗಿದ್ದರೆ ಸುಮ್ನೆ ಖರ್ಚು ಯಾಕೆ?

ನಾನು ಹೊಲಿಗೆ, ಬರವಣಿಗೆ ಎರಡನ್ನೂ ಒಂದೇ ರೂಮಿನಲ್ಲಿ ಮಾಡುವವಳು. ನನ್ನ ಹತ್ತಿರ ಸಾಮಾನು ಕಮ್ಮಿಯೇನಲ್ಲ. ಬಟ್ಟೆಯ ತುಂಡು, ದಾರದ ಉಂಡೆ, ಪುಸ್ತಕ, ಎಲ್ಲ ಇವೆ. ಇಷ್ಟು ದಿನದಲ್ಲಿ ನನಗೆ ಗೊತ್ತಾಗಿರುವುದು ಇಷ್ಟು: ಸಾಮಾನು ಎಷ್ಟಿದೆ ಅನ್ನುವುದಕ್ಕಿಂತ ಅದರಲ್ಲಿ ಬಾಕಿ ಎಷ್ಟಿದೆ ಅನ್ನುವುದೇ ಮನಸ್ಸಿಗೆ ಭಾರ. ಓದಿ ಮುಗಿಸಿದ ನೂರು ಪುಸ್ತಕ ಸಾಲಾಗಿ ನಿಂತಿದ್ದರೂ ಅವು ನಿಮ್ಮನ್ನು ಏನೂ ಕೇಳುವುದಿಲ್ಲ. "ಓದಿ ಕೊಡ್ತೀನಿ" ಅಂತ ಸ್ನೇಹಿತರಿಂದ ತಂದು ಮುಟ್ಟದೇ ಇಟ್ಟಿರುವ ಒಂದು ಪುಸ್ತಕ ಮಾತ್ರ ಕಣ್ಣಿಗೆ ಬಿದ್ದಾಗಲೆಲ್ಲ ಚುಚ್ಚುತ್ತದೆ. ಬಟನ್ ಕಿತ್ತುಹೋದ ಶರ್ಟು, ಜಿಪ್ ಕೆಟ್ಟ ಬ್ಯಾಗು, ಸೆಲ್ ಹಾಕದೆ ನಿಂತ ಗಡಿಯಾರ, ಅರ್ಧ ತುಂಬಿಸಿದ ಫಾರಂ, ಎರಡೇ ದಿನ ನುಡಿಸಿದ ಕೀಬೋರ್ಡು. ಒಂದೊಂದೂ "ನನ್ನದೇನು ಮಾಡಿದೆ?" ಅನ್ನುತ್ತಿರುತ್ತದೆ. ಸಾಲ ಕೊಟ್ಟವರು ಇಷ್ಟು ಜನ ಸುತ್ತ ಕೂತಿರುವಾಗ ಚಿತ್ರ ಬಿಡಿಸುವ ಮನಸ್ಸು ಯಾರಿಗೆ ಬರುತ್ತದೆ ಹೇಳಿ. ಮಲಗಿಬಿಡೋಣ ಅನ್ನಿಸುವುದೇ ಸಹಜ.

ಈ ಬಾಕಿ ಕೆಲಸದ ಸೆಳೆತವನ್ನು ಮನಶ್ಶಾಸ್ತ್ರದವರು ನೂರು ವರ್ಷದ ಹಿಂದೆಯೇ ಗಮನಿಸಿದ್ದರು. ಬರ್ಲಿನ್‌ನಲ್ಲಿ ಕುರ್ಟ್ ಲೆವಿನ್ ಅವರ ಬಳಿ ಇಬ್ಬರು ವಿದ್ಯಾರ್ಥಿನಿಯರಿದ್ದರು. ಬ್ಲೂಮಾ ಝೈಗಾರ್ನಿಕ್ ಅವರು 1927ರಲ್ಲಿ, ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಚೆನ್ನಾಗಿ ನೆನಪಿರುತ್ತದೆ ಎಂದು ಬರೆದರು. ಮರಿಯಾ ಓವ್ಸಿಯಾಂಕಿನಾ ಅವರು 1928ರಲ್ಲಿ, ಅರ್ಧಕ್ಕೆ ಬಿಡಿಸಿದ ಕೆಲಸವನ್ನು ಅವಕಾಶ ಸಿಕ್ಕ ಕೂಡಲೇ ಜನ ತಾವಾಗಿಯೇ ಮತ್ತೆ ಕೈಗೆತ್ತಿಕೊಳ್ಳುತ್ತಾರೆ ಎಂದು ತೋರಿಸಿದರು. ನೆನಪಿನ ವಿಷಯ ಆಮೇಲಿನ ಪ್ರಯೋಗಗಳಲ್ಲಿ ಎಲ್ಲ ಕಡೆ ನಿಲ್ಲಲಿಲ್ಲ. ಮತ್ತೆ ಕೈಗೆತ್ತಿಕೊಳ್ಳುವ ಗುಣ ಮಾತ್ರ ಹೆಚ್ಚು ಗಟ್ಟಿಯಾಗಿ ಉಳಿದಿದೆ.

ನಮಗೆ ಬೇಕಾದದ್ದು ಇದೇ ಅಲ್ವಾ? ಸುಸ್ತು ಮಾಡುವ ಸೆಳೆತವನ್ನೇ ನಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು. ರೂಮಿನಲ್ಲಿ ಕಣ್ಣಿಗೆ ಬೀಳುವ ಬಾಕಿ ಕೆಲಸ ಒಂದೇ ಇರಬೇಕು. ಅದು ನಿಮಗೆ ಇಷ್ಟವಾದ ಕೆಲಸವಾಗಿರಬೇಕು. ಅರ್ಧ ಬಿಡಿಸಿದ ಚಿತ್ರ ಟೇಬಲ್ ಮೇಲೆ ತೆರೆದೇ ಇರಲಿ. ಉಳಿದ ಬಾಕಿಗಳೆಲ್ಲ ಕಣ್ಣಿನಿಂದ ಆಚೆ ಹೋಗಲಿ. ನಾನು ಕೆಳಗೆ ಹೇಳುವುದೆಲ್ಲ ಈ ಒಂದು ಲೆಕ್ಕಕ್ಕೇ ಸೇರಿದ್ದು.

ಹಾಗಾಗಿ ಶುರುವಿನಲ್ಲೇ ಬೀರು ಖಾಲಿ ಮಾಡಿ ಎಲ್ಲವನ್ನೂ ಮಂಚದ ಮೇಲೆ ಸುರಿದುಕೊಳ್ಳಬೇಡಿ. ಸಂಜೆಯಾಗುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ, ಮಲಗಲು ಮಂಚವೂ ಇರುವುದಿಲ್ಲ, ಕೊನೆಗೆ ಎಲ್ಲವನ್ನೂ ಮತ್ತೆ ಒಳಗೆ ತುರುಕುತ್ತೀರಿ. ಅದರ ಬದಲು ಕೆಲಸಕ್ಕೆ ಕೂರುವ ಕುರ್ಚಿಯಲ್ಲಿ ಸುಮ್ಮನೆ ಕೂತು ಒಂದು ಸುತ್ತು ಕಣ್ಣು ಹಾಯಿಸಿ. "ಇದೊಂದು ಬಾಕಿ ಇದೆ" ಅಂತ ಅನ್ನಿಸಿದ್ದನ್ನು ಮಾತ್ರ ಎತ್ತಿ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ. ಆಮೇಲೆ ಒಂದೊಂದಕ್ಕೂ ತೀರ್ಮಾನ ಹೇಳಿ. ಬಟನ್ ಹೊಲಿಯುವಂಥ ಚಿಕ್ಕ ಕೆಲಸವನ್ನು ಅಲ್ಲೇ ಮಾಡಿ ಮುಗಿಸಿ. ವಾಪಸ್ ಕೊಡಬೇಕಾದದ್ದನ್ನು ಹೊರಬಾಗಿಲ ಹತ್ತಿರ, ಚಪ್ಪಲಿ ಪಕ್ಕಕ್ಕೇ ಇಡಿ. ಮೂರನೆಯ ತೀರ್ಮಾನವನ್ನು ಜನ ಮರೆಯುತ್ತಾರೆ: ಇದನ್ನು ನಾನು ಮಾಡುವುದಿಲ್ಲ. ಕೀಬೋರ್ಡ್ ಕಲಿಯಲ್ಲ. ಆ ದಪ್ಪ ಪುಸ್ತಕ ಓದಲ್ಲ. ಹಾಗೆ ಜೋರಾಗಿ ಹೇಳಿ ಬೇರೆಯವರಿಗೆ ಕೊಟ್ಟುಬಿಟ್ಟರೆ ಆ ಬಾಕಿಯೂ ಚುಕ್ತಾ. ನಾನಂತೂ ಹೀಗೆ ಕೈಬಿಟ್ಟಿದ್ದರಲ್ಲಿ ಯಾವುದಕ್ಕೂ ಆಮೇಲೆ ಮರುಗಿಲ್ಲ.

ಕೊಡಲು ಮನಸ್ಸು ಒಪ್ಪುವುದಿಲ್ಲ, ಅದು ಗೊತ್ತಿರುವುದೇ. "ಇವತ್ತಲ್ಲ ನಾಳೆ ಬೇಕಾಗುತ್ತೆ" ಅನ್ನುವ ಮಾತು ಎಲ್ಲರ ಬಾಯಲ್ಲೂ ಇರುತ್ತದೆ. ಕಾನೆಮನ್, ನೆಚ್, ಥೇಲರ್ ಎಂಬ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಒಂದು ಸಾದಾ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರಿಗೆ ಎಷ್ಟು ಕೊಟ್ಟು ಕೊಳ್ಳುತ್ತೀರಿ ಎಂದು ಕೇಳಿದರು. ಮಗ್ ಕೈಗೆ ಬಂದವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಕೈಗೆ ಬಂದು ಸ್ವಲ್ಪ ಹೊತ್ತಾಗಿದ್ದ ಮಗ್ಗಿಗೇ ಇಷ್ಟು ಮೋಹ. ಹತ್ತು ವರ್ಷದಿಂದ ಇರುವ ಸಾಮಾನಿಗೆ ಇನ್ನೆಷ್ಟಿರಬೇಡ! ಅದಕ್ಕೇ "ಇದು ಬೇಕಾ ಬೇಡವಾ" ಅಂತ ಕೇಳಿಕೊಳ್ಳಬೇಡಿ, ಬೇಕು ಅಂತಲೇ ಉತ್ತರ ಬರುತ್ತದೆ. "ಇದು ನನ್ನ ಹತ್ತಿರ ಇಲ್ಲದೇ ಇದ್ದಿದ್ದರೆ ಇವತ್ತು ದುಡ್ಡು ಕೊಟ್ಟು ತರುತ್ತಿದ್ದೆನಾ?" ಅಂತ ಕೇಳಿಕೊಳ್ಳಿ. ಉತ್ತರ ಬೇರೆಯೇ ಬರುತ್ತದೆ.

ಪತ್ರ, ಫೋಟೊ, ತೀರಿಹೋದವರ ವಸ್ತು, ಇವುಗಳ ಸುದ್ದಿಗೆ ಮೊದಲು ಹೋಗಲೇಬೇಡಿ. ಒಂದು ಹಳೆಯ ಫೋಟೊ ಕೈಗೆ ಸಿಕ್ಕಿದರೆ ಆ ಮಧ್ಯಾಹ್ನ ಅಲ್ಲಿಗೇ ಮುಗಿಯಿತು. ಅವಕ್ಕೆ ಒಂದು ಪೆಟ್ಟಿಗೆ ಮಾಡಿ ಪಕ್ಕಕ್ಕಿಡಿ. ಹಾಗೆಯೇ ಮನೆಯ ಬೇರೆಯವರ ಸಾಮಾನನ್ನು ಅವರನ್ನು ಕೇಳದೆ ಆಚೆ ಹಾಕಬೇಡಿ, ಜಗಳ ಗ್ಯಾರಂಟಿ. ಡ್ರಾಯರ್‌ನಲ್ಲಿ ಹಳೆಯ ಮೊಬೈಲ್ ಇದ್ದರೆ ಹಿಂಭಾಗ ಉಬ್ಬಿದೆಯಾ ನೋಡಿ. ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಮಾಮೂಲಿ ಕಸಕ್ಕೂ ಹಾಕಬೇಡಿ. ಬೆಂಕಿ ಹತ್ತಿಕೊಳ್ಳಬಹುದು. ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಿ.

ಇನ್ನು ಎತ್ತಿಟ್ಟದ್ದೆಲ್ಲ ವಾರದೊಳಗೆ ಯಾಕೆ ಹರಡಿಕೊಳ್ಳುತ್ತದೆ ಅನ್ನುವುದಕ್ಕೆ ಬರೋಣ. ನಿಮ್ಮ ಕುರ್ಚಿಯ ಮೇಲೆ ಈಗ ಬಟ್ಟೆ ಇದೆ, ಪಂದ್ಯ ಕಟ್ಟುತ್ತೇನೆ. ಆ ಬಟ್ಟೆ ಯಾವುದು ನೋಡಿ. ಒಂದು ಸಲ ಹಾಕಿದ್ದು, ಒಗೆಯುವಷ್ಟು ಕೊಳೆಯಾಗಿಲ್ಲ. ಒಗೆದ ಬಟ್ಟೆಯ ಜೊತೆ ಬೀರುವಿಗೆ ಇಡಲು ಮನಸ್ಸಿಲ್ಲ, ಒಗೆಯುವ ಬುಟ್ಟಿಗೆ ಹಾಕಲೂ ಮನಸ್ಸಿಲ್ಲ. ಅದಕ್ಕೆ ನಿಮ್ಮ ರೂಮಿನಲ್ಲಿ ಜಾಗವೇ ಇಲ್ಲ, ಅದಕ್ಕೇ ಕುರ್ಚಿಗೆ ಬಂತು. ಒಂದರ ಮೇಲೆ ಒಂದು ಬಿದ್ದು, ಕೆಳಗಿನದು ಮುದುಡಿ, ಯಾವುದು ಹಾಕಿದ್ದು ಯಾವುದು ಹಾಕದ್ದು ಗೊತ್ತಾಗದೆ ಕೊನೆಗೆ ಇಡೀ ಗುಡ್ಡೆ ಬುಟ್ಟಿಗೆ ಹೋಗುತ್ತದೆ. ಇಲ್ಲಿ ಸೋಮಾರಿತನ ಅಂತ ನಿಮ್ಮನ್ನು ನೀವೇ ಬೈದುಕೊಂಡು ಉಪಯೋಗವಿಲ್ಲ. ಬಾಗಿಲ ಹಿಂದೆ ನಾಲ್ಕೈದು ಹುಕ್ ಹಾಕಿ, ಒಂದು ಹುಕ್ಕಿಗೆ ಒಂದೇ ಬಟ್ಟೆ. ಹುಕ್ ಎಲ್ಲ ತುಂಬಿದ ದಿನ ಹಳೆಯದೊಂದು ಒಗೆಯಲು ಹೋಗಬೇಕು. ಕುರ್ಚಿ ಖಾಲಿ.

ಬೇರೆ ಸಾಮಾನಿಗೂ ಇದೇ ನ್ಯಾಯ. ಒಂದು ವಸ್ತು ಪದೇ ಪದೇ ಎಲ್ಲಿ ಬೀಳುತ್ತದೋ ಅಲ್ಲೇ ಅದಕ್ಕೆ ಜಾಗ ಮಾಡಿ. ಬೀಗದ ಕೈ, ಇಯರ್‌ಫೋನ್, ರಸೀದಿ ಎಲ್ಲ ಟೇಬಲ್‌ನ ಮೂಲೆಗೇ ಬಂದು ಬೀಳುತ್ತವೆ ಅಂದರೆ ಬಾಗಿಲ ಪಕ್ಕ ಒಂದು ತಟ್ಟೆ ಇಡಿ. ಟೇಬಲ್ ತಲುಪುವ ಮೊದಲೇ ಕೈ ಖಾಲಿಯಾಗುತ್ತದೆ. ಮುಚ್ಚಳವಿರುವ ಚೆಂದದ ಡಬ್ಬಗಳನ್ನು ಕೊಳ್ಳಬೇಡಿ. ಮುಚ್ಚಳ ತೆಗೆದು ಒಳಗೆ ಹಾಕುವ ಶ್ರಮ ದಿನಾ ಯಾರೂ ಪಡುವುದಿಲ್ಲ, ಡಬ್ಬದ ಮೇಲೆಯೇ ಇಡುತ್ತಾರೆ. ನಿಜ ಹೇಳಬೇಕೆಂದರೆ ಈ ಕೆಲಸ ಮುಗಿಯುವವರೆಗೆ ಹುಕ್ಕು, ದೀಪ ಬಿಟ್ಟು ಹೊಸದಾಗಿ ಏನನ್ನೂ ಕೊಳ್ಳಬೇಡಿ.

ಈಗ ಟೇಬಲ್. ಮೊದಲು ಇದರ ಜಾಗ ತೀರ್ಮಾನವಾಗಲಿ, ಮಂಚ ಮತ್ತು ಬೀರು ಉಳಿದ ಕಡೆ ಹೊಂದಿಕೊಳ್ಳಲಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಮಂಚ, ಬೀರು ಇಟ್ಟ ಮೇಲೆ ಉಳಿದ ಕತ್ತಲೆ ಮೂಲೆಗೆ ಟೇಬಲ್ ತಳ್ಳುತ್ತಾರೆ. ನೀವು ಬಲಗೈಯಲ್ಲಿ ಬರೆಯುವವರಾದರೆ ಕಿಟಕಿ ಎಡಕ್ಕೆ ಬರುವ ಹಾಗೆ ಇಡಿ, ಆಗ ಕೈಯ ನೆರಳು ಹಾಳೆಯ ಮೇಲೆ ಬೀಳುವುದಿಲ್ಲ. ಎಡಗೈಯವರಾದರೆ ಬಲಕ್ಕೆ. ಲ್ಯಾಪ್‌ಟಾಪ್ ಬಳಸುವುದಾದರೂ ಕಿಟಕಿ ಪಕ್ಕಕ್ಕಿದ್ದರೇ ಒಳ್ಳೆಯದು. ಬೆನ್ನ ಹಿಂದಿದ್ದರೆ ಪರದೆಯಲ್ಲಿ ಪ್ರತಿಬಿಂಬ, ಎದುರಿಗಿದ್ದರೆ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಕುರ್ಚಿ ಹಿಂದಕ್ಕೆ ಎಳೆದು ಏಳಲು ಟೇಬಲ್ ಅಂಚಿನಿಂದ 75ರಿಂದ 90 ಸೆಂಟಿಮೀಟರ್ ಜಾಗ ಬಿಡಿ. ಬೀರುವಿನ ಬಾಗಿಲು ಪೂರ್ತಿ ತೆರೆಯಬೇಕು, ಅದನ್ನೂ ಅಳೆಯಿರಿ. ಮಂಚ, ಟೇಬಲ್ ಎಳೆದಾಡುವ ಮೊದಲು ಹಳೆಯ ಪೇಪರನ್ನು ಅವುಗಳ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸಿ ನೋಡಿ. ಪೇಪರ್ ಸರಿಸುವುದು ಸುಲಭ.

ಕೂತಾಗ ಎದುರಿಗೆ ಏನು ಕಾಣುತ್ತದೆ ಅನ್ನುವುದೂ ಮುಖ್ಯ. ನಿಮ್ಮ ಕಷ್ಟ ಮಲಗಿಬಿಡುವುದಾದ್ದರಿಂದ ಮಂಚ ಬೆನ್ನ ಹಿಂದೆ ಹೋಗಲಿ. ಕೆಲವರಿಗೆ ಬಾಗಿಲಿಗೆ ಬೆನ್ನು ಹಾಕಿ ಕೂತರೆ ಸಮಾಧಾನ ಇರುವುದಿಲ್ಲ. ನೀವೂ ಹಾಗಾದರೆ ಕಣ್ಣಂಚಿಗೆ ಬಾಗಿಲು ಕಾಣುವಷ್ಟು ಟೇಬಲ್ ತಿರುಗಿಸಿಕೊಳ್ಳಿ.

ರಾತ್ರಿ ಕೆಲಸ ಮಾಡುವುದಾದರೆ ದೀಪದ ಬಗ್ಗೆ ಎರಡು ಮಾತು. ರೂಮಿನ ನಡುವೆ ಸೀಲಿಂಗ್‌ನಲ್ಲಿರುವ ಒಂದೇ ದೀಪಕ್ಕೆ ಬೆನ್ನು ಹಾಕಿ ಕೂತರೆ ನಿಮ್ಮ ತಲೆಯ ನೆರಳೇ ಹಾಳೆಯ ಮೇಲೆ ಬೀಳುತ್ತದೆ. ಟೇಬಲ್ ಲ್ಯಾಂಪ್ ಒಂದು ಬೇಕೇ ಬೇಕು, ಬರೆಯುವ ಕೈಗೆ ಎದುರು ಬದಿಯಲ್ಲಿ. ಬಲ್ಬಿನ ಡಬ್ಬಿಯ ಮೇಲೆ ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಲೆಕ್ಕ ಬರೆದಿರುತ್ತದೆ: 2700 ಅಂದರೆ ಹಳದಿ, 4000 ಮಧ್ಯಮ, 6500 ನೀಲಿ ಬೆರೆತ ಬಿಳಿ. ಬರೆಯಲು 4000 ಸಾಕು. ಬಣ್ಣದ ಕೆಲಸ ಮಾಡುವುದಾದರೆ ಸಿಆರ್‌ಐ ಎಷ್ಟಿದೆ ಅಂತಲೂ ನೋಡಿ, ಆ ಬೆಳಕಿನಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅಂತ ನೂರಕ್ಕೆ ಹೇಳುವ ಅಂಕಿ ಅದು. 90ಕ್ಕಿಂತ ಕಮ್ಮಿ ಇದ್ದರೆ ರಾತ್ರಿ ಹಚ್ಚಿದ ಕೆಂಪು ಬೆಳಿಗ್ಗೆ ಬೇರೆ ಕೆಂಪಾಗಿ ಕಾಣಬಹುದು. ಮಂಚದ ಪಕ್ಕಕ್ಕೆ ಮಾತ್ರ ಹಳದಿ ದೀಪವೇ ಇರಲಿ.

ಬ್ರಷ್, ಪೆನ್ಸಿಲ್, ಹಾಳೆ ಕೂತಲ್ಲಿಂದ ಏಳದೆ ಕೈಗೆ ಸಿಗಬೇಕು. ಹಾಳೆಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ, ಪೇರಿಸಿದರೆ ಅಡಿಯಲ್ಲಿದ್ದದ್ದು ಇದ್ದೂ ಇಲ್ಲದ ಹಾಗೆ. ಎದುರಿನ ಗೋಡೆಗೆ ಇಷ್ಟದ ಚಿತ್ರ ಅಂಟಿಸುವುದಾದರೆ ಅಂಟಿಸಿ. ಆದರೆ ಸ್ವಲ್ಪ ದಿನಕ್ಕೆ ಅದು ಕಣ್ಣಿಗೆ ಕಾಣುವುದೇ ನಿಂತುಹೋಗುತ್ತದೆ, ಆಗಾಗ ಬದಲಿಸುತ್ತಿರಿ.

ಅಚ್ಚುಕಟ್ಟಿನ ಹುಚ್ಚು ಮಾತ್ರ ಹಿಡಿಸಿಕೊಳ್ಳಬೇಡಿ. ಕ್ಯಾಥ್ಲೀನ್ ವೋಸ್ ಎಂಬ ಸಂಶೋಧಕಿ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಿಂಗ್‌ಪಾಂಗ್ ಚೆಂಡಿಗೆ ಹೊಸ ಉಪಯೋಗ ಯೋಚಿಸಿ ಎಂದಾಗ ಹರಡಿದ ರೂಮಿನಲ್ಲಿ ಕೂತವರ ಉಪಾಯಗಳು ಹೆಚ್ಚು ಹೊಸದಾಗಿದ್ದವು. ಅವರದೇ ಇನ್ನೊಂದು ಪ್ರಯೋಗದಲ್ಲಿ ಅಚ್ಚುಕಟ್ಟಾದ ರೂಮಿನಲ್ಲಿ ಕೂತವರು ದಾನಕ್ಕೆ ಜಾಸ್ತಿ ದುಡ್ಡು ಕೊಟ್ಟರು. ಒಂದೆರಡು ಪ್ರಯೋಗ ನಂಬಿಕೊಂಡು ಕಸ ಗುಡಿಸುವುದು ಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಕೆಲಸ ನಡೆಯುವಾಗ ಟೇಬಲ್ ತುಂಬ ಬಣ್ಣ, ಚಿಂದಿ, ಹಾಳೆ ಹರಡಿಕೊಳ್ಳಲಿ ಬಿಡಿ, ಅದು ಕೆಲಸ ನಡೆಯುತ್ತಿರುವ ಗುರುತು. ಏಳುವ ಮೊದಲು ಐದು ನಿಮಿಷ ಕೈಯಾಡಿಸಿ. ನಾಳೆ ಮುಂದುವರಿಸುವುದನ್ನು ಮಾತ್ರ ನಡುವೆ ಬಿಟ್ಟು, ಮುಂದೆ ಎಲ್ಲಿಂದ ಹಿಡಿಯಬೇಕು ಅಂತ ಒಂದು ಚೀಟಿಯಲ್ಲಿ ಬರೆದಿಡಿ. "ಎಡಗಡೆ ಮರದ ನೆರಳು ಬಾಕಿ" ಅಂತ, ಅಷ್ಟು ಸಾಕು. ಒಂದು ಹಂತ ಪೂರ್ತಿ ಮುಗಿಸಿ ಏಳುವುದಕ್ಕಿಂತ ಸ್ವಲ್ಪ ಉಳಿಸಿ ಎದ್ದರೆ ಮಾರನೆಯ ದಿನ ಕೂರುವುದು ಸಲೀಸು.

ನಿಮಗೆ ಬಿಡುವು ಸಿಗುವುದು ಭಾನುವಾರ ಮಾತ್ರ ಅಂತ ಬರೆದಿದ್ದೀರಿ. ಈ ಭಾನುವಾರ ಬೆಳಿಗ್ಗೆ ಬಾಕಿ ಪೆಟ್ಟಿಗೆ ಮತ್ತು ಬಾಗಿಲ ಹಿಂದಿನ ಹುಕ್, ಮಧ್ಯಾಹ್ನ ಟೇಬಲ್ ಸರಿಸುವುದು, ಸಂಜೆ ಅದರ ಮುಂದೆ ಕೂತು ಏನಾದರೂ ಗೀಚುವುದು. ಬೀರುವಿನ ಬಾಗಿಲು ಮುಚ್ಚಿಯೇ ಇರಲಿ. ಒಳಗೆ ಏನೇ ತುಂಬಿದ್ದರೂ ಕೂತಲ್ಲಿಗೆ ಕಾಣುವುದಿಲ್ಲ, ಅದನ್ನು ಮುಂದಿನ ತಿಂಗಳು ನೋಡಿಕೊಂಡರಾಯಿತು.