ಹಳೆ ಮಸ್ಟಾಂಗ್‌ಗೆ 5.0 ಎಂಜಿನ್: ಬೋಲ್ಟ್ ಕೂತರೆ ಸಾಲದು

ಪ್ರಶ್ನೆ: ನನ್ನ 1967ರ ಫೋರ್ಡ್ ಮಸ್ಟಾಂಗ್ ಕಾರಿನ 289 (ಕ್ಯೂಬಿಕ್ ಇಂಚಿನ) ಎಂಜಿನ್ ಕೈಕೊಟ್ಟಿತು. 1990ರ ಮಸ್ಟಾಂಗ್‌ನಿಂದ ಇಳಿಸಿದ 5.0 ಎಚ್‌ಓ (5.0 ಲೀಟರಿನ ಹೈ ಔಟ್‌ಪುಟ್, ಅಂದರೆ 302 ಕ್ಯೂಬಿಕ್ ಇಂಚು) ಎಂಜಿನ್ ಕೂರಿಸಿದ್ದೇನೆ. ಫ್ಲೈವೀಲ್, ಡ್ಯಾಂಪರ್, ಡಿಸ್ಟ್ರಿಬ್ಯೂಟರ್ (ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಭಾಗ), ಕಾರ್ಬ್ಯುರೇಟರ್ ಹಳೆಯವೇ. ಸ್ಟಾರ್ಟ್ ಆಗುತ್ತದೆ, ಆದರೆ ಕಾರ್ಬ್ಯುರೇಟರ್‌ನಿಂದ ಪಟಪಟ ಬೆಂಕಿ ಬರುತ್ತದೆ. ರೇಸ್ ಮಾಡಿದರೆ ಇಡೀ ಗಾಡಿ ನಡುಗುತ್ತದೆ. ಮೆಕ್ಯಾನಿಕ್ ಎಂಜಿನ್ ಮೌಂಟ್ ಬದಲಿಸಲು ಹೇಳುತ್ತಿದ್ದಾರೆ. (ಮಿಷಿಗನ್‌ನ ಓದುಗರು)

ಉತ್ತರ: ಮೊದಲು ಆ ಎಂಜಿನ್ ಓಡಿಸುವುದನ್ನು ನಿಲ್ಲಿಸಿ. ಮೌಂಟ್‌ಗೂ ಇದಕ್ಕೂ ಸಂಬಂಧವಿಲ್ಲ. "ಎಲ್ಲಾ ಒಂದೇ ಸ್ಮಾಲ್ ಬ್ಲಾಕ್" (ಫೋರ್ಡ್‌ನ ಚಿಕ್ಕ ವಿ8 ಎಂಜಿನ್‌ಗಳ ಕುಟುಂಬ) ಎಂದು ಹೇಳಿ ಹಳೆಯ ಭಾಗಗಳನ್ನು ಸಿಕ್ಕಿಸುವವರಿಂದ ಎಷ್ಟು ಒಳ್ಳೆಯ ಎಂಜಿನ್‌ಗಳು ಹಾಳಾಗಿವೆಯೋ!

ನಡುಕಕ್ಕೆ ಕಾರಣ ತೂಕ. ಈ ಎಂಜಿನ್‌ಗಳ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ದಂಡ) ತಾನಾಗಿಯೇ ಸಮತೂಕದಲ್ಲಿ ಇರುವುದಿಲ್ಲ. ಕೊರತೆಯನ್ನು ಮುಂದೆ ಡ್ಯಾಂಪರ್, ಹಿಂದೆ ಫ್ಲೈವೀಲ್ ತುಂಬಿಕೊಡುತ್ತವೆ. 289ಕ್ಕೂ ಹಳೆಯ 302ಕ್ಕೂ ಆ ಕೊರತೆ 28 ಔನ್ಸ್-ಇಂಚು (ತೂಕವನ್ನು ನಡುವಿನಿಂದ ಅದರ ದೂರಕ್ಕೆ ಗುಣಿಸಿದ ಲೆಕ್ಕ). 80ರ ದಶಕದ ಆರಂಭದಿಂದ 5.0ಕ್ಕೆ 50. ನಿಮ್ಮ ಹಳೆಯ ಫ್ಲೈವೀಲ್ ಹೊಸ ಕ್ರ್ಯಾಂಕ್‌ಗೆ ಸಲೀಸಾಗಿ ಕೂರುತ್ತದೆ, ಮೋಸ ಹೋಗುವುದು ಅಲ್ಲೇ. ಹೀಗೇ ಓಡಿಸಿದರೆ ಮೇನ್ ಬೇರಿಂಗ್ ಸವೆಯುತ್ತದೆ. ಗೇರ್‌ಬಾಕ್ಸ್ ಇಳಿಸಿ, ಹಳೆ ಫ್ಲೈವೀಲ್‌ನ ಹಲ್ಲು ಎಣಿಸಿ (157 ಅಥವಾ 164), ಅಷ್ಟೇ ಹಲ್ಲಿನ 50 ಔನ್ಸಿನದು ತನ್ನಿ. ಡ್ಯಾಂಪರ್ ಕೂಡ 50 ಔನ್ಸಿನದೇ ಆಗಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಡುವಂತಿಲ್ಲ. 5.0ರ ಡ್ಯಾಂಪರ್‌ಗೆ ನಾಲ್ಕು ಬೋಲ್ಟಿನ ಪುಲ್ಲಿ, ನಿಮ್ಮ ಹಳೆಯದಕ್ಕೆ ಮೂರು. ಎರಡಕ್ಕೂ ತೂತಿರುವ ಡ್ಯಾಂಪರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಕೇಳಿ.

ಬೆಂಕಿಯ ವಿಷಯ. 289ರ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಸರದಿ) 1-5-4-2-6-3-7-8. ಎಚ್‌ಓದ್ದು 1-3-7-2-6-5-4-8. ಇದನ್ನು ನಿರ್ಧರಿಸುವುದು ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ), ಡಿಸ್ಟ್ರಿಬ್ಯೂಟರ್ ಅಲ್ಲ. ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿ: 1, 2, 6, 8 ತಮ್ಮ ಜಾಗದಲ್ಲೇ ಇವೆ, ಅದಕ್ಕೇ ಎಂಜಿನ್ ಸ್ಟಾರ್ಟ್ ಆಗುತ್ತಿದೆ. ಉಳಿದ ನಾಲ್ಕಕ್ಕೆ ಕಿಡಿ ಸರಿಯಾಗಿ ಕ್ರ್ಯಾಂಕಿನ ಒಂದು ಸುತ್ತು ತಪ್ಪಿ, ಇಂಟೇಕ್ ವಾಲ್ವ್ ತೆರೆಯುವ ಹೊತ್ತಿಗೆ ಬೀಳುತ್ತಿದೆ. ಉರಿ ಮೇಲಕ್ಕೆ ಬರದೆ ಇನ್ನೆಲ್ಲಿಗೆ ಹೋದೀತು? ಡಿಸ್ಟ್ರಿಬ್ಯೂಟರ್ ಕ್ಯಾಪ್‌ನಲ್ಲಿ 3 ಮತ್ತು 5ರ ವಯರ್ ಅದಲುಬದಲು ಮಾಡಿ, ಹಾಗೆಯೇ 4 ಮತ್ತು 7ರದ್ದು. ಮುಗಿಯಿತು.

ಆದರೆ ಆ ಡಿಸ್ಟ್ರಿಬ್ಯೂಟರನ್ನು ಹಾಗೇ ಉಳಿಸಿಕೊಳ್ಳಬೇಡಿ. ಎಚ್‌ಓದ್ದು ಸ್ಟೀಲಿನ ರೋಲರ್ ಕ್ಯಾಮ್. ಹಳೆಯ ಡಿಸ್ಟ್ರಿಬ್ಯೂಟರ್‌ನ ಬೀಡುಕಬ್ಬಿಣದ ಗೇರನ್ನು ಅದು ತಿಂದುಹಾಕುತ್ತದೆ. ಆ ಪುಡಿಯೆಲ್ಲ ಆಯಿಲ್‌ಗೆ ಸೇರುತ್ತದೆ. ಸ್ಟೀಲ್ ಗೇರ್ ಇರುವುದನ್ನೇ ಹಾಕಿ, ಅದಾದ ಮೇಲೆ ಕಿಡಿಯ ಟೈಮಿಂಗನ್ನು, ಪಿಸ್ಟನ್ ಮೇಲ್ತುದಿಗೆ ಬರುವ 10 ಡಿಗ್ರಿ ಮೊದಲಿನಿಂದ ಶುರು ಮಾಡಿ.

ಬೆಲ್ಟ್ ಬಗ್ಗೆ ನೀವು ಬರೆದಿಲ್ಲ. 5.0ರ ಅಗಲ ಬೆಲ್ಟ್ ವಾಟರ್ ಪಂಪನ್ನು ಉಲ್ಟಾ ತಿರುಗಿಸುತ್ತದೆ. ಆ ಪಂಪನ್ನೇ ಬಿಟ್ಟು ಹಳೆಯ ವಿ-ಬೆಲ್ಟ್ ಹಾಕಿದ್ದರೆ ಎಂಜಿನ್ ಕಾಯುವುದು ಖಂಡಿತ. ರೇಡಿಯೇಟರ್ ಬದಲಿಸಿ ದುಡ್ಡು ಕಳೆಯಬೇಡಿ. 289ರ ಟೈಮಿಂಗ್ ಕವರ್ ಮತ್ತು ಪಂಪ್ ಹಾಕಿದರೆ ಡಿಪ್‌ಸ್ಟಿಕ್‌ಗೂ ಜಾಗ ಸಿಗುತ್ತದೆ. ಆಯಿಲ್ ಪ್ಯಾನ್ ಮುಂದೆ ಗುಂಡಿಯಿರುವ ಹಳೆಯದೇ ಆಗಬೇಕು, ಅದರ ಜೊತೆ ಆಯಿಲ್ ಹೀರುವ ಅದೇ ಪಿಕಪ್ ಪೈಪ್. ಇಂಜೆಕ್ಷನ್ ಗಾಡಿಯ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಬೇಡ: ಅದರ ಒತ್ತಡ 40 ಪಿಎಸ್‌ಐ ಹತ್ತಿರ, ಕಾರ್ಬ್ಯುರೇಟರ್ ತಡೆಯುವುದು 5–6. ಹೆಚ್ಚಾದರೆ ಪೆಟ್ರೋಲ್ ತುಳುಕಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ. ಇದರಲ್ಲಿ ಮಾತ್ರ ದಯವಿಟ್ಟು ರಾಜಿ ಬೇಡ, ಗಾಡಿಯೇ ಸುಟ್ಟುಹೋದೀತು.

ಪ್ರಶ್ನೆ: ನಾಲ್ಕು ಬ್ಯಾರಲ್ ಕಾರ್ಬ್ಯುರೇಟರಿನ 289ಕ್ಕೂ 225 ಎಚ್‌ಪಿ, 1990ರ 5.0ಕ್ಕೂ 225. ಹಾಗಾದರೆ ಬದಲಿಸಿ ಏನು ಪ್ರಯೋಜನ?

ಉತ್ತರ: ಮೊದಲನೆಯದು ಗ್ರಾಸ್, ಎರಡನೆಯದು ನೆಟ್. 1972ರ ಹಿಂದಿನ ಅಂಕಿಗಳು ಏರ್ ಕ್ಲೀನರ್, ಸೈಲೆನ್ಸರ್, ಆಲ್ಟರ್ನೇಟರ್ ಹೊರೆ ಇಲ್ಲದೆ ಅಳೆದವು. ಅವನ್ನು ಪಕ್ಕದಲ್ಲಿಟ್ಟು ಹೋಲಿಸುವುದನ್ನು ಬಿಡಿ.

ಪ್ರಶ್ನೆ: 302ಕ್ಕೆ 750 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಕ್ಯೂಬಿಕ್ ಅಡಿ ಗಾಳಿ ಬಿಡುವ) ಕಾರ್ಬ್ಯುರೇಟರ್ ಹಾಕಿದರೆ ಪವರ್ ಬರುತ್ತದೆಯೇ?

ಉತ್ತರ: ಇಲ್ಲ. 302ನ್ನು 6000 ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿ: 524 ಸಿಎಫ್‌ಎಂ. ಸಿಲಿಂಡರ್ ಪೂರ್ತಿ ತುಂಬಿದರೂ ಅಷ್ಟೇ. 600 ಸಾಕು.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಆಯಸ್ಕಾಂತ ಕಟ್ಟಿದರೆ ಮೈಲೇಜ್ ಹೆಚ್ಚುತ್ತದಂತೆ?

ಉತ್ತರ: ಮಾರುವವರ ಜೇಬು ತುಂಬುತ್ತದೆ.

ಪ್ರಶ್ನೆ: ಹಳೆ ಎಂಜಿನ್‌ಗಳಿಗೆಲ್ಲ ಜಿಂಕ್ ಇರುವ ಆಯಿಲ್ ಬೇಕೇ?

ಉತ್ತರ: ಫ್ಲಾಟ್ ಲಿಫ್ಟರ್ (ಕ್ಯಾಮ್ ಮೇಲೆ ಉಜ್ಜುವ ಚಪ್ಪಟೆ ತಳದ ಭಾಗ) ಇದ್ದರೆ ಬೇಕು, 289 ಆ ಪೈಕಿಯದು. ರೋಲರ್ ಲಿಫ್ಟರ್‌ನ 5.0 ಎಚ್‌ಓಗೆ ಬೇಕಿಲ್ಲ. ಹೊಸ ಫ್ಲಾಟ್ ಕ್ಯಾಮ್ ಹಾಕಿದ್ದರೆ, ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂಗೆ ಏರಿಸಿ, 20 ನಿಮಿಷ ಅದಕ್ಕಿಂತ ಕೆಳಗಿಳಿಸಬೇಡಿ. ಐಡಲ್‌ನಲ್ಲಿ ಬಿಟ್ಟರೆ ಕ್ಯಾಮ್‌ಗೆ ಸಾಕಷ್ಟು ಆಯಿಲ್ ಎರಚುವುದಿಲ್ಲ, ಅದರ ಲೋಬ್ (ಉಬ್ಬು) ಅಲ್ಲೇ ಸವೆದುಹೋಗುತ್ತದೆ.