ಕಾಸಿಲ್ಲದ ಕಾಲದ ಮೂರು ಸಾಲಿನ ಜಾಹೀರಾತು

ಶಿರಸಿಯ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ ಇಷ್ಟು. ಅಮೆರಿಕದ ಒಹಾಯೋ ರಾಜ್ಯದ ಚಿಕ್ಕ ಊರಿನಲ್ಲಿ ಅವರ ಮಗಳು, ಅಳಿಯ ಹಳೇ ಮನೆಯೊಂದನ್ನು ಕೊಂಡಿದ್ದಾರೆ. ಅಡುಗೆಮನೆಯ ಕಪಾಟು ಕಿತ್ತಾಗ ಅದರ ತಳಕ್ಕೆ ಹಾಸಿದ್ದ, 1933ರ ಏಪ್ರಿಲ್ ತಿಂಗಳ ಊರಿನ ವಾರಪತ್ರಿಕೆಯ ಹಾಳೆ ಸಿಕ್ಕಿದೆ. ಅದರ ಒಂದು ಮಗ್ಗುಲಿನ ಫೋಟೋ ಪತ್ರದ ಜೊತೆ ಕಳಿಸಿದ್ದಾರೆ. ಹಾಳೆ ತುಂಬ ಸಣ್ಣ ಅಕ್ಷರದ ಕ್ಲಾಸಿಫೈಡ್ ಜಾಹೀರಾತುಗಳು: ಕೋಳಿಮರಿ, ಹೊಲಿಗೆ, ರೇಡಿಯೋ ರಿಪೇರಿ, ಬಾಡಿಗೆ ರೂಮು. "ಅದು ಆರ್ಥಿಕ ಮಹಾಕುಸಿತದ ಕಾಲ ಅಲ್ವಾ? ಜನರ ಹತ್ತಿರ ಕಾಸೇ ಇಲ್ಲದಾಗ ಇವೆಲ್ಲ ಯಾರಿಗಾಗಿ? ಪತ್ರಿಕೆಯವರು ಜಾಗ ತುಂಬಿಸೋಕೆ ಸುಮ್ನೆ ಹಾಕುತ್ತಿದ್ದರಾ? ಕೆಲವದರ ಕೊನೆಗೆ 'ಟಿಎಫ್', '2ಟಿಪಿ' ಅಂತೆಲ್ಲ ಇದೆ, ಅದೇನು? ಈ ಹಾಳೆ ಇಟ್ಟುಕೊಳ್ಳುವಂಥದ್ದಾ, ಎಸೆಯುವಂಥದ್ದಾ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದು ತುರ್ತಿನದು. ದಯವಿಟ್ಟು ಎಸೆಯಬೇಡಿ. ಲ್ಯಾಮಿನೇಶನ್ ಮಾಡಿಸಬೇಡಿ, ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ. ಆಗಿನ ನ್ಯೂಸ್‌ಪ್ರಿಂಟ್ ಮರದ ತಿರುಳಿನಿಂದ ಮಾಡಿದ್ದು, ಅದರಲ್ಲಿ ಆಮ್ಲ ಜಾಸ್ತಿ. ಬಿಸಿಲು ತಾಗಿದಷ್ಟೂ ಕಂದಾಗಿ ಪುಡಿಯಾಗುತ್ತದೆ. ಎರಡೂ ಮಗ್ಗುಲನ್ನು ಚೆನ್ನಾಗಿ ಫೋಟೋ ತೆಗೆದು, ಮಡಿಸದೆ, ಕತ್ತಲಲ್ಲಿ ಚಪ್ಪಟೆಯಾಗಿ ಇಡಲು ಮಗಳಿಗೆ ಹೇಳಿ. ಚಿಕ್ಕ ಊರುಗಳ ಎಷ್ಟೋ ವಾರಪತ್ರಿಕೆಗಳ ಪೂರ್ತಿ ಸಂಪುಟಗಳು ಎಲ್ಲೂ ಉಳಿದಿಲ್ಲ. ನಿಮ್ಮ ಹಾಳೆ ಆ ಊರಿನ ಲೈಬ್ರರಿಯಲ್ಲೂ ಇಲ್ಲದೆ ಇರಬಹುದು.

ಈಗ ಮುಖ್ಯ ಪ್ರಶ್ನೆ. ಯಾರಿಗಾಗಿ ಈ ಜಾಹೀರಾತುಗಳು?

ಆ ಕಾಲ ಅಂದ ಕೂಡಲೇ ನಮಗೆ ಕಾಣುವುದು ಗಂಜಿಗೆ ಸಾಲು ನಿಂತವರು, ನ್ಯೂಯಾರ್ಕ್ ಬೀದಿಯಲ್ಲಿ ಐದು ಸೆಂಟಿಗೊಂದು ಸೇಬು ಮಾರುವ ನಿರುದ್ಯೋಗಿಗಳು. ಅದು ಸುಳ್ಳಲ್ಲ. 1933ರಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಆದರೆ ಉಳಿದ ಮೂವರಿಗೆ ಏನೋ ಒಂದು ಕೆಲಸ ಇತ್ತು. ಸಂಬಳ ಕಡಿತವಾಗಿತ್ತು, ವಾರಕ್ಕೆ ಮೂರೇ ದಿನ ಕೆಲಸ ಎಂಬ ಕಡೆಯೂ ಇತ್ತು, ಆದರೂ ಅವರ ಕೈಯಲ್ಲಿ ಒಂದಿಷ್ಟು ಓಡಾಡುತ್ತಿತ್ತು. ಮೇಲಾಗಿ 1929ರಿಂದ 1933ರ ಹೊತ್ತಿಗೆ ಸಾಮಾನುಗಳ ಬೆಲೆ ಸರಾಸರಿ ಕಾಲು ಭಾಗದಷ್ಟು ಇಳಿದಿತ್ತು. ಆ ಕೈಗಳು ಹೊಸದನ್ನು ಕೊಳ್ಳಲು ಹೆದರುತ್ತಿದ್ದವು, ಇದ್ದದ್ದನ್ನು ಉಳಿಸಿಕೊಳ್ಳಲು ಮಾತ್ರ ಖರ್ಚು ಮಾಡುತ್ತಿದ್ದವು. ಕಾರುಗಳನ್ನೇ ನೋಡಿ. 1929ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಸುಮಾರು 45 ಲಕ್ಷ ಕಾರು ಹೊರಬಂದವು, 1932ರಲ್ಲಿ ಸುಮಾರು 11 ಲಕ್ಷ. ಹಾಗಂತ ಜನ ಕಾರು ಬಿಟ್ಟು ನಡೆಯಲಿಲ್ಲ. ಹಳೇ ಕಾರನ್ನೇ ಎಳೆದಾಡಿದರು. ಹಾಗಾಗಿ ಟೈರ್ ಪ್ಯಾಚ್, ಬ್ಯಾಟರಿ ಚಾರ್ಜ್, ಗುಜರಿ ಬಿಡಿಭಾಗದವರಿಗೆ ಕೆಲಸ ಸಿಕ್ಕಿತು.

ನಿಮ್ಮ ಹಾಳೆಯ ಅರ್ಧಕ್ಕರ್ಧ ಸಾಲುಗಳು ಇದನ್ನೇ ಹೇಳುತ್ತವೆ. ಬೂಟಿಗೆ ಹೊಸ ಅಟ್ಟೆ, ಕೋಟಿಗೆ ಹೊಸ ಅಸ್ತರು, ಗರಗಸಕ್ಕೆ ಅರ, ಕತ್ತರಿಗೆ ಸಾಣೆ, ಕುರ್ಚಿಗೆ ಹೊಸ ಹೊದಿಕೆ. ಶರ್ಟಿನ ಕಾಲರ್ ಸವೆದರೆ ಬಿಚ್ಚಿ, ಒಳಮಗ್ಗುಲನ್ನು ಹೊರಗೆ ಮಾಡಿ ಮತ್ತೆ ಹೊಲಿಯುವುದು ಆಗ ದಿನನಿತ್ಯದ ಕೆಲಸ. ರೇಡಿಯೋ ರಿಪೇರಿ ನೋಡಿ ನೀವು ಆಶ್ಚರ್ಯಪಟ್ಟಿದ್ದೀರಿ. 1930ರಲ್ಲಿ ನೂರಕ್ಕೆ 40 ಮನೆಗಳಲ್ಲಿ ರೇಡಿಯೋ ಇತ್ತು, 1940ಕ್ಕೆ 80 ದಾಟಿತ್ತು. ಸಿನಿಮಾಕ್ಕೆ ಹೋಗಲು ಕಾಸಿಲ್ಲದ ಸಂಸಾರಕ್ಕೆ ಮನೆಯ ರೇಡಿಯೋ ಬಿಟ್ಟಿ ಮನರಂಜನೆ. ಅದು ಕೆಟ್ಟರೆ ಊಟದಲ್ಲಿ ಉಳಿಸಿಯಾದರೂ ಸರಿ ಮಾಡಿಸುತ್ತಿದ್ದರು.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಮನೆಗಳೇ ಅಂಗಡಿಗಳಾದ ರೀತಿ. ಗಂಡನ ಫ್ಯಾಕ್ಟರಿ ಮುಚ್ಚಿದೆ, ಉಳಿತಾಯ ಇಟ್ಟಿದ್ದ ಬ್ಯಾಂಕು ಮುಳುಗಿದೆ. 1930ರಿಂದ 1933ರ ನಡುವೆ ಸುಮಾರು 9,000 ಬ್ಯಾಂಕುಗಳು ಮುಳುಗಿದವು, ಠೇವಣಿಗೆ ವಿಮೆ ಬಂದದ್ದು 1934ರಲ್ಲಿ. ಉಳಿದಿರುವುದು ಮನೆ, ಒಂದು ಹೊಲಿಗೆ ಮೆಷಿನ್, ಒಂದು ಒಲೆ, ಒಂದು ಪಿಯಾನೋ. ಹಾಗಾಗಿ ಮುಂದಿನ ರೂಮು ಬಾಡಿಗೆಗೆ, ಊಟ ಬೇಕಾದರೆ ಬೇರೆ ದರ. ಅಡುಗೆಮನೆಯಲ್ಲಿ ಬ್ರೆಡ್ಡು, ಕೇಕು. ಹಿತ್ತಲಲ್ಲಿ ಊರವರ ಬಟ್ಟೆ ಒಗೆತ. ಪಡಸಾಲೆಯಲ್ಲಿ ಸಂಜೆ ಮಕ್ಕಳಿಗೆ ಪಿಯಾನೋ ಪಾಠ. ಇವರಲ್ಲಿ ಬಹುಪಾಲು ಹೆಂಗಸರು. ಬೋರ್ಡು ಬರೆಸಲೂ ಅವರ ಹತ್ತಿರ ಹಣವಿರಲಿಲ್ಲ. ಕ್ಲಾಸಿಫೈಡ್ ಪುಟ ಅವರಿಗೆ ನಮ್ಮ ಸಂತೆಯಲ್ಲಿ ಗೋಣಿತಾಟು ಹಾಸಿ ಕೂರುವ ಜಾಗದ ಹಾಗಿತ್ತು. ಅಂಗಡಿ ಇಲ್ಲದವರಿಗೂ ಅಲ್ಲಿ ಮೊಳದಷ್ಟು ಜಾಗ ಸಿಗುತ್ತಿತ್ತು.

ಫೋನ್ ನಂಬರ್ ಇರುವ ಜಾಹೀರಾತು ಎಷ್ಟು, ಇಲ್ಲದ್ದು ಎಷ್ಟು ಅಂತ ಒಮ್ಮೆ ಎಣಿಸಿ ನೋಡಿ. 1930ರಲ್ಲಿ ಅಲ್ಲಿ ನೂರಕ್ಕೆ ಸುಮಾರು 40 ಮನೆಗಳಲ್ಲಿ ಫೋನ್ ಇತ್ತು. ಮೂರೇ ವರ್ಷದಲ್ಲಿ ಅದು 30ರ ಆಸುಪಾಸಿಗೆ ಇಳಿಯಿತು. ಬಿಲ್ಲು ಕಟ್ಟಲಾಗದೆ ಜನ ಫೋನ್ ತೆಗೆಸಿದರು. ಅದಕ್ಕೇ ಅಷ್ಟೊಂದು ಕಡೆ 'ಮನೆಗೆ ಬಂದು ವಿಚಾರಿಸಿ' ಅನ್ನುವುದು.

ಕೋಳಿಮರಿ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಏಪ್ರಿಲ್ ಹಾಳೆ ಅಂದಿರಲ್ಲ, ಅದು ಸರಿಯಾಗಿ ಮರಿಗಳ ಕಾಲ. ಅಮೆರಿಕದ ಅಂಚೆ ಇಲಾಖೆ 1918ರಿಂದಲೇ ಒಂದು ದಿನದ ಕೋಳಿಮರಿಗಳನ್ನು ಪಾರ್ಸೆಲ್‌ನಲ್ಲಿ ಒಯ್ಯಲು ಒಪ್ಪಿತ್ತು. ಮೊಟ್ಟೆಯೊಡೆದು ಬಂದ ಮರಿ ಹೊಟ್ಟೆಯೊಳಗಿನ ಹಳದಿ ಲೋಳೆಯ ಬಲದಲ್ಲೇ ಎರಡು ಮೂರು ದಿನ ಕಾಳು ನೀರಿಲ್ಲದೆ ಬದುಕುತ್ತದೆ. ತೂತು ಕೊರೆದ ರಟ್ಟಿನ ಡಬ್ಬದಲ್ಲಿ ಚಿಂವ್‌ಗುಟ್ಟುತ್ತ ಅವು ಪೋಸ್ಟಾಫೀಸಿಗೆ ಬರುತ್ತಿದ್ದವು. ಊರಿನ ಹ್ಯಾಚರಿಗಳು (ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಕೇಂದ್ರಗಳು) ಜಾಹೀರಾತಿನಲ್ಲಿ ಮೊದಲು ತಳಿ ಹೇಳುತ್ತಿದ್ದವು: ವೈಟ್ ಲೆಗಾರ್ನ್, ಬಾರ್ಡ್ ರಾಕ್, ರೋಡ್ ಐಲೆಂಡ್ ರೆಡ್. ಆಮೇಲೆ 'ರಕ್ತಪರೀಕ್ಷೆ ಆಗಿದೆ' ಅನ್ನುವ ಮಾತು. ಅದು ಬಾಯಿಮಾತಿನ ಬಣ್ಣ ಆಗಿರಲಿಲ್ಲ. ಪುಲ್ಲೋರಮ್ ಅನ್ನುವ ರೋಗ ತಾಯಿಕೋಳಿಯಿಂದ ಮೊಟ್ಟೆಗೆ ದಾಟಿ ಮರಿಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿತ್ತು. ತಾಯಿಕೋಳಿಗಳ ರಕ್ತ ಪರೀಕ್ಷಿಸಿ, ರೋಗ ಇದ್ದವನ್ನು ಹಿಂಡಿನಿಂದ ತೆಗೆಯುವುದೊಂದೇ ದಾರಿ. ಕೊನೆಯ ಡಾಲರನ್ನು ಮರಿಗಳಿಗೆ ಹಾಕುವ ಹೆಂಗಸಿಗೆ ಆ ಎರಡು ಪದಗಳೇ ಭರವಸೆ.

ಯಾಕೆ ಕೋಳಿ? 1929ರಲ್ಲಿ ಡಾಲರಿಗಿಂತ ಜಾಸ್ತಿ ಇದ್ದ ಒಂದು ಬುಶೆಲ್ ಗೋಧಿ, ಅಂದರೆ ಸುಮಾರು 27 ಕಿಲೋ, 1932ರಲ್ಲಿ ರೈತನಿಗೆ 38 ಸೆಂಟ್ ತಂದುಕೊಡುತ್ತಿತ್ತು. ಮೊಟ್ಟೆ ಬೆಲೆಯೂ ಡಜನ್ನಿಗೆ 30 ಸೆಂಟ್‌ನಿಂದ 14ಕ್ಕೆ ಬಿದ್ದಿತ್ತು. ಆದರೆ ಗೋಧಿ ವರ್ಷಕ್ಕೊಮ್ಮೆ, ಮೊಟ್ಟೆ ದಿನವೂ. ಶನಿವಾರ ಬುಟ್ಟಿ ಹೊತ್ತು ದಿನಸಿ ಅಂಗಡಿಗೆ ಹೋದರೆ ಸಕ್ಕರೆ, ಕಾಫಿ, ಮಕ್ಕಳ ಬಟ್ಟೆಗೆ ಅಷ್ಟಾದರೂ ಆಗುತ್ತಿತ್ತು. ಹೊಲದ ಮನೆಗಳಲ್ಲಿ ಮೊಟ್ಟೆಯ ದುಡ್ಡು ಹೆಚ್ಚಾಗಿ ಹೆಂಡತಿಯದು. ಅದರ ಮೇಲೇ ಸಂಸಾರ ನಿಂತ ಮನೆಗಳು ಬೇಕಾದಷ್ಟು. ಮರಿ ಕೊಳ್ಳಲೂ ಆಗದವರಿಗೆ ಇನ್ನೊಂದು ದಾರಿ ಇತ್ತು. ಮೊಟ್ಟೆ ತಂದುಕೊಡಿ, ನಮ್ಮ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಕೊಡುತ್ತೇವೆ, ಕೂಲಿ ಕೊಟ್ಟರೆ ಸಾಕು ಅಂತ ಹ್ಯಾಚರಿಗಳೇ ಕರೆಯುತ್ತಿದ್ದವು.

ಇನ್ನು ನಿಮ್ಮ 'ಟಿಎಫ್' ಮತ್ತು '2ಟಿಪಿ'. ಇವು ಓದುಗರಿಗೆ ಬರೆದದ್ದಲ್ಲ. ಅಕ್ಷರ ಜೋಡಿಸುವವನಿಗೂ ಲೆಕ್ಕ ಬರೆಯುವವನಿಗೂ ಇಟ್ಟ ಗುರುತು. 'ಟಿಎಫ್' ಅಂದರೆ ಗಿರಾಕಿ ನಿಲ್ಲಿಸಿ ಅನ್ನುವವರೆಗೂ ಹಾಕುತ್ತಿರು ಅಂತ. '2ಟಿಪಿ' ಅಂದರೆ ಎರಡು ಸಲ ಹಾಕು, ದುಡ್ಡು ಬಂದಾಗಿದೆ. 'ಪಿ' ಬದಲು 'ಸಿ' ಇದ್ದರೆ ಸಾಮಾನ್ಯವಾಗಿ ಉದ್ರಿ, ಲೆಕ್ಕಕ್ಕೆ ಬರೆದುಕೋ ಅಂತ. ನಿಮ್ಮ ಫೋಟೋದಲ್ಲಿ 'ಪಿ'ಗಳೇ ಜಾಸ್ತಿ ಕಾಣುತ್ತಿವೆ. ನೀವು ಕೇಳಿದ್ದಕ್ಕೆ ಉತ್ತರ ಅಲ್ಲೇ ಇದೆ. ಜಾಗ ತುಂಬಿಸಲು ಹಾಕಿದ್ದಲ್ಲ ಮೇಷ್ಟ್ರೇ. ಪದಕ್ಕಿಷ್ಟು, ಸಾಲಿಗಿಷ್ಟು ಅಂತ ಮುಂಗಡ ಕಾಸು ಎಣಿಸಿಕೊಟ್ಟು ಹಾಕಿಸಿದ್ದು. ಹಾಗಾಗಿಯೇ ಒಂದು ಪದವೂ ಹೆಚ್ಚಿಲ್ಲ. ಒಂದು ವಿಶೇಷಣ ಸೇರಿಸಿದರೆ ಮನೆಯಲ್ಲಿ ಒಂದು ಬ್ರೆಡ್ಡು ಕಡಿಮೆ.

ಪತ್ರಿಕೆಯವರ ಪಾಡೂ ಬೇರೆ ಇರಲಿಲ್ಲ. 1929ರಿಂದ 1933ರೊಳಗೆ ಅಮೆರಿಕದ ಪತ್ರಿಕೆಗಳ ಜಾಹೀರಾತು ಆದಾಯ ಅರ್ಧದ ಹತ್ತಿರ ಕುಸಿಯಿತು. ಚಿಕ್ಕ ಊರಿನ ವಾರಪತ್ರಿಕೆಯಲ್ಲಿ ಸಂಪಾದಕನೇ ಮಾಲೀಕ, ಅವನೇ ಮುದ್ರಕ. ಎಷ್ಟೋ ಕಡೆ ಚಂದಾ ಹಣದ ಬದಲು ಕಟ್ಟಿಗೆ, ಕೋಳಿ, ಆಲೂಗಡ್ಡೆ ತೆಗೆದುಕೊಂಡು ಪತ್ರಿಕೆ ಕಳಿಸಿದರು. ಈ ಕೆಲಸದಲ್ಲೇ ಇರುವ ನನಗೆ ಆ ಸಂಪಾದಕರ ಮೇಲೆ ತುಂಬ ಗೌರವ. ಆದರೆ ಅವರಿಗೆ ಖಚಿತವಾಗಿ ದುಡ್ಡು ತರುತ್ತಿದ್ದ ಇನ್ನೊಂದು ಜಾಹೀರಾತಿತ್ತು: ಕೋರ್ಟಿನ ಹರಾಜು ನೋಟೀಸು. ಅಡವಿಟ್ಟ ಹೊಲ ಮನೆ ಹರಾಜಾಗುವ ಮುಂಚೆ ಪತ್ರಿಕೆಯಲ್ಲಿ ಪ್ರಕಟಿಸಲೇಬೇಕೆಂದು ಕಾನೂನು. ಹೀಗಾಗಿ ಒಬ್ಬಳ ಬ್ರೆಡ್ಡಿನ ಜಾಹೀರಾತೂ ಅವಳ ಪಕ್ಕದ ಮನೆಯ ಹರಾಜಿನ ನೋಟೀಸೂ ಒಂದೇ ಪುಟದಲ್ಲಿ ಇರುತ್ತಿದ್ದವು. ನಿಮ್ಮ ಹಾಳೆಯ ಹಿಂಬದಿ ನೋಡಿ, ಸಿಕ್ಕರೂ ಸಿಗಬಹುದು.

ಇನ್ನೊಂದು ಸಂಗತಿ. ನಿಮ್ಮ ಹಾಳೆ ಅಚ್ಚಾಗುವ ಒಂದು ತಿಂಗಳ ಹಿಂದಷ್ಟೇ, 1933ರ ಮಾರ್ಚ್ 6ರಂದು, ಅಧ್ಯಕ್ಷ ರೂಸ್‌ವೆಲ್ಟ್ ದೇಶದ ಎಲ್ಲ ಬ್ಯಾಂಕುಗಳ ಬಾಗಿಲು ಹಾಕಿಸಿದ್ದರು. 13ರಿಂದ ಒಂದೊಂದಾಗಿ ತೆರೆದವು, ಕೆಲವು ತೆರೆಯಲೇ ಇಲ್ಲ. ಆ ದಿನಗಳಲ್ಲಿ ಊರೂರುಗಳಲ್ಲಿ ಚೀಟಿಯೇ ನೋಟಾಗಿ ಓಡಾಡಿತು. ಬದಲಿಗೆ ಬದಲು ಅನ್ನುವ ಕಾಲಂಗಳು ಬೆಳೆದದ್ದು ಇಂಥ ಕಾಲದಲ್ಲೇ. ಸೈಕಲ್ ಕೊಡುತ್ತೇನೆ, ಕಟ್ಟಿಗೆ ಕೊಡಿ. ಗೋಡೆಗೆ ಬಣ್ಣ ಹಚ್ಚುತ್ತೇನೆ, ಹಲ್ಲು ಸರಿ ಮಾಡಿಕೊಡಿ. ನ್ಯೂ ಹ್ಯಾಂಪ್‌ಶೈರ್‌ನ ಡಬ್ಲಿನ್ ಎಂಬ ಹಳ್ಳಿಯಲ್ಲಿ 1935ರಲ್ಲಿ ಶುರುವಾದ 'ಯಾಂಕಿ' ಮಾಸಪತ್ರಿಕೆಗೆ ಇಂಥ ಅದಲುಬದಲಿನ ಕಾಲಂ ದೊಡ್ಡ ಹೆಸರು ತಂದಿತು.

ಬೆಲೆ ಹಾಕುವುದೂ ಆಗ ಸುಲಭದ ಮಾತಾಗಿರಲಿಲ್ಲ. ಒಬ್ಬರ ಮೇಲೊಬ್ಬರು ಬೆಲೆ ಇಳಿಸಿದರೆ ಎಲ್ಲರೂ ಮುಳುಗುತ್ತಾರೆ ಅಂತ ಸರ್ಕಾರ 1933ರ ಬೇಸಿಗೆಯಲ್ಲಿ ಒಂದೊಂದು ಕಸುಬಿಗೂ ನಿಯಮ ತಂದಿತು. ಒಪ್ಪಿದವರು ಅಂಗಡಿಯಲ್ಲೂ ಜಾಹೀರಾತಿನಲ್ಲೂ ನೀಲಿ ಹದ್ದಿನ ಗುರುತು ಹಾಕಿಕೊಂಡರು. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಜೇಕಬ್ ಮೇಗೆಡ್ ಅನ್ನುವ ದರ್ಜಿ ಸೂಟಿನ ಇಸ್ತ್ರಿಗೆ ನಿಗದಿಯಾದ 40 ಸೆಂಟ್ ಬದಲು 35 ಸೆಂಟ್ ತೆಗೆದುಕೊಂಡ. 1934ರಲ್ಲಿ ಅವನಿಗೆ 30 ದಿನ ಜೈಲು, 100 ಡಾಲರ್ ದಂಡ ಆಯಿತು. ಊರೆಲ್ಲ ಗದ್ದಲವಾಗಿ ಮೂರೇ ದಿನಕ್ಕೆ ಬಿಟ್ಟರು. ಐದು ಸೆಂಟ್! ನನಗೆ ಆ ನಿಯಮದ ಉದ್ದೇಶ ಅರ್ಥವಾಗುತ್ತದೆ, ಆದರೆ ಹೋಗಿಬಂದು ತಗುಲಿದ್ದು ಚಿಕ್ಕವನಿಗೇ. ದೊಡ್ಡವರು ಪೂರ್ತಿ ಪುಟದ ಜಾಹೀರಾತಿನಲ್ಲಿ ಹೇಗೂ ಬದುಕಿಕೊಂಡರು, ಅವನಿಗೆ ಗಿರಾಕಿಯನ್ನು ಕರೆಯಲು ಇದ್ದದ್ದು ಆ ಐದು ಸೆಂಟ್ ಮಾತ್ರ. 1935ರ ಮೇ 27ರಂದು ಸುಪ್ರೀಂ ಕೋರ್ಟು ಈ ವ್ಯವಸ್ಥೆಯನ್ನೇ ಹೊಡೆದುಹಾಕಿತು. ಆ ಕೇಸು ಬ್ರೂಕ್ಲಿನ್‌ನ ಷೆಕ್ಟರ್ ಅನ್ನುವ ಕೋಳಿ ವ್ಯಾಪಾರಿ ಸೋದರರದ್ದು.

ನೀವು ಪತ್ರದಲ್ಲಿ "ಆಗಿನ ಜನ ಎಷ್ಟು ಪ್ರಾಮಾಣಿಕರು" ಎಂದೂ ಬರೆದಿದ್ದೀರಿ. ಅದನ್ನು ಪೂರ್ತಿ ಒಪ್ಪಲಾರೆ. ಅದೇ ಪುಟಗಳಲ್ಲಿ ಮನೆಯಲ್ಲೇ ಕೂತು ಲಕೋಟೆ ವಿಳಾಸ ಬರೆದು ಸಂಪಾದಿಸಿ, ಮೊದಲು ಒಂದು ಡಾಲರ್ ಕಳಿಸಿ ಅನ್ನುವವರೂ ಇದ್ದರು. ಕಳಿಸಿದವರಿಗೆ ಕೆಲಸ ಬರುತ್ತಿರಲಿಲ್ಲ. ಮನೆ ಸಾಮಾನಿನ ಮೇಲೆ ಸಾಲ ಕೊಡುವವರು ಇದ್ದರು. ಕಾನೂನಿನ ಪ್ರಕಾರವೇ ಹಲವು ರಾಜ್ಯಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ, ಅಂದರೆ ವರ್ಷಕ್ಕೆ 42. ಕೆಲಸಕ್ಕೆ ಬೇಕಾಗಿದ್ದಾರೆ ಅನ್ನುವ ಕಾಲಂನಲ್ಲಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಬಿಳಿಯರು ಮಾತ್ರ, ಕ್ರಿಶ್ಚಿಯನ್ನರು ಮಾತ್ರ ಅಂತ ರಾಜಾರೋಷವಾಗಿ ಅಚ್ಚಾಗುತ್ತಿತ್ತು. ಬಣ್ಣ, ಧರ್ಮ ನೋಡಿ ಕೆಲಸ ಕೊಡುವುದನ್ನು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ತಡೆದದ್ದು 1964ರಲ್ಲಿ. ಗಂಡು ಹೆಣ್ಣಿನ ಬೇರೆ ಕಾಲಂಗಳ ಬಗ್ಗೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 1973ರಲ್ಲಿ, ಪಿಟ್ಸ್‌ಬರ್ಗ್‌ನ ಪತ್ರಿಕೆಯೊಂದರ ಕೇಸಿನಲ್ಲಿ. ಇವನ್ನೆಲ್ಲ ಅಚ್ಚು ಹಾಕಿದವರೂ ನಾನು ಗೌರವದಿಂದ ನೆನೆದ ಅಂಥ ಸಂಪಾದಕರೇ. ಅವರು ಬೇಡ ಅನ್ನಬಹುದಿತ್ತು, ಅನ್ನಬೇಕಿತ್ತು.

ಒಂದೇ ಹಾಳೆಯಿಂದ ಇವರಲ್ಲಿ ಯಾರು ಗೆದ್ದರು, ಯಾರು ಸೋತರು ತಿಳಿಯುವುದಿಲ್ಲ. ತಿಳಿಯಬೇಕಾದರೆ ಒಬ್ಬರನ್ನು ಹಿಡಿದು ಬೆನ್ನುಹತ್ತಬೇಕು. ನಿಮ್ಮ ಹಾಳೆಯಲ್ಲಿರುವ ರೇಡಿಯೋ ರಿಪೇರಿಯವರ ಹೆಸರು, ವಿಳಾಸ ಬರೆದುಕೊಳ್ಳಿ. ಲೈಬ್ರರಿ ಆಫ್ ಕಾಂಗ್ರೆಸ್‌ನ 'ಕ್ರಾನಿಕ್ಲಿಂಗ್ ಅಮೆರಿಕಾ' ಸಂಗ್ರಹದಲ್ಲಿ ಹಳೇ ಪತ್ರಿಕೆಗಳ ಲಕ್ಷಾಂತರ ಪುಟ ಬಿಟ್ಟಿಯಾಗಿ ಸಿಗುತ್ತವೆ. ಆ ಊರಿನ ಪತ್ರಿಕೆ ಅಲ್ಲಿದ್ದರೆ ವಾರ ವಾರ ನೋಡುತ್ತ ಹೋಗಿ. ಎರಡು ವಾರಕ್ಕೆ ನಿಂತಿತೋ, ಟಿಎಫ್ ಆಗಿ ವರ್ಷಗಟ್ಟಲೆ ನಡೆಯಿತೋ, ಬೆಲೆ ಇಳಿಯಿತೋ, ವಿಳಾಸ ಮನೆಯಿಂದ ಪೇಟೆ ಬೀದಿಗೆ ಬಂತೋ, ಎಲ್ಲ ಗೊತ್ತಾಗುತ್ತದೆ. ಅಲ್ಲಿನ ಜನಗಣತಿಯ ಹಾಳೆಗಳು 72 ವರ್ಷಕ್ಕೆ ಸಾರ್ವಜನಿಕರಿಗೆ ತೆರೆಯುತ್ತವೆ. 1930 ಮತ್ತು 1940ರವು ಈಗ ತೆರೆದಿವೆ. 1930ರಲ್ಲಿ ಆತ ಏನು ಕಸುಬು ಬರೆಸಿದ್ದ ಅಂತ ಒಂದರಲ್ಲಿ ಸಿಗುತ್ತದೆ. ಇನ್ನೊಂದರಲ್ಲಿ ಹಿಂದಿನ ವರ್ಷ ಎಷ್ಟು ವಾರ ಕೆಲಸ ಮಾಡಿದ, ಎಷ್ಟು ಸಂಬಳ ಬಂತು ಅಂತ ಕೂಡ ಕೇಳಿ ಬರೆದಿದ್ದಾರೆ. ಮಗಳಿಗೆ ಬಿಡುವಿದ್ದರೆ ಹುಡುಕಿಸಿ. ಏನು ಸಿಕ್ಕಿದರೂ ನಮಗೆ ಬರೆಯಿರಿ, ಎಷ್ಟು ಉದ್ದವಾದರೂ ಸರಿ, ಪ್ರಕಟಿಸುತ್ತೇವೆ.