ಕರೆಯೂ ಹೋಯಿತು, ಕಲ್ಲಿನ ಹೊಳಪೂ ಹೋಯಿತು

ಪ್ರಶ್ನೆ: ರಾಜಾಜಿನಗರದಲ್ಲಿ ಹಳೇ ಮನೆ, ಬೋರ್ ನೀರು. ಸಿಂಕಿನ ಪಕ್ಕ ಕಟ್ಟಿದ್ದ ಬಿಳೀ ಕರೆಗೆ ಬಚ್ಚಲು ತೊಳೆಯುವ ಆಸಿಡ್ ಹಾಕಿ ಉಜ್ಜಿದೆವು. ಕಪ್ಪಗಿದ್ದ ಅಡುಗೆ ಕಟ್ಟೆ ಬೂದಿ ಬಳಿದಂತಾಗಿದೆ. ಹೊಳಪು ಮತ್ತೆ ಬರುವುದೇ?

ಉತ್ತರ: ಈ ಪ್ರಶ್ನೆ ಯಾವಾಗಲೂ ಕಲ್ಲು ಹಾಳಾದ ಮೇಲೆಯೇ ಬರುತ್ತದೆ. ಹಾಕುವ ಮುಂಚೆ ಒಬ್ಬರೂ ಕೇಳುವುದಿಲ್ಲ! ನಿಮ್ಮದು ಕಡಪ ಕಲ್ಲು, ಗ್ರಾನೈಟ್ ಅಲ್ಲ. ಕಡಪ, ಶಹಾಬಾದ್, ಕೋಟಾ ಎಲ್ಲವೂ ಸುಣ್ಣದ ಕಲ್ಲುಗಳು. ಅವುಗಳ ಮುಖ್ಯ ಖನಿಜ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗಡಸು ನೀರು ಆರಿ ಉಳಿಯುವ ಕರೆಯೂ ಬಹುಪಾಲು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಕರೆ ಕರಗಿಸುವ ಆಸಿಡ್ ಕಲ್ಲನ್ನು ಬಿಟ್ಟೀತೇ?

ಗುರುತು ಹಿಡಿಯುವುದು ಸುಲಭ. ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಐದು ನಿಮಿಷಕ್ಕೆ ಒರೆಸಿ. ಮಂಕು ಕಲೆ ಉಳಿದರೆ ಸುಣ್ಣದ ಕಲ್ಲು. ಚಾಕುವಿನ ಮೊನೆಗೂ ಅದು ಗೀರು ಬೀಳುತ್ತದೆ.

ಮಂಕು ಎಂದರೆ ಮೇಲ್ಮೈ ಸಣ್ಣಗೆ ಕೊರೆದುಹೋಗಿದೆ ಎಂದರ್ಥ. ಕೊಬ್ಬರಿ ಎಣ್ಣೆ ಸವರಿದರೆ ಎರಡು ದಿನ ಕಪ್ಪಗೆ ಕಾಣುತ್ತದೆ, ಆಮೇಲೆ ಧೂಳು ಮೆತ್ತಿಕೊಳ್ಳುತ್ತದೆ. 400, 800, 1500 ನಂಬರಿನ ವಾಟರ್ ಪೇಪರನ್ನು ಇದೇ ಕ್ರಮದಲ್ಲಿ ನೀರು ಹಾಕುತ್ತಾ ಉಜ್ಜಿ. ಹಿಂದಿನ ಪೇಪರಿನ ಗೀರು ಮಾಯವಾಗದೆ ಮುಂದಿನದಕ್ಕೆ ಹೋದರೆ ಹೊಳಪು ಬರುವುದಿಲ್ಲ. ಇಡೀ ಕಟ್ಟೆ ಹಾಳಾಗಿದ್ದರೆ ಪಾಲಿಶ್ ಮೆಷಿನ್‌ನವರನ್ನೇ ಕರೆಸಿ.

ಇನ್ನು ಮುಂದೆ ಕಲ್ಲಿನ ಮೇಲಿನ ಕರೆಯನ್ನು ಬಿಸಿ ಸೋಪು ನೀರಲ್ಲಿ ನೆನೆಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ನಲ್ಲಿಗೆ ಮಾತ್ರ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್): ಒಂದು ಲೋಟ ಬಿಸಿನೀರಿಗೆ ಎರಡು ಟೀ ಚಮಚ. ಬಟ್ಟೆ ಅದ್ದಿ ಹಿಂಡಿ, ನಲ್ಲಿಗೆ ಸುತ್ತಿ, ಇಪ್ಪತ್ತು ನಿಮಿಷ ಬಿಟ್ಟು ತೊಳೆಯಿರಿ. ಕೆಳಗೆ ಒಂದು ತಟ್ಟೆ ಇಡಿ, ಹನಿ ಕಲ್ಲಿಗೆ ಬೀಳಬಾರದು.

ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸುವವರಿಗೆ ಕೈಮುಗಿದು ಹೇಳುತ್ತೇನೆ: ಹೊರಡುವುದು ಕ್ಲೋರಿನ್ ಅನಿಲ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ನೀರಿನ ಸಂಪ್‌ಗೆ ಪಟಿಕ ಹಾಕಿದರೆ ನೀರಿನ ಗಡಸು ಹೋಗುತ್ತದೆಯೇ?

ಉತ್ತರ: ಇಲ್ಲ. ಪಟಿಕ ಮಣ್ಣು, ರಾಡಿಯನ್ನು ತಳಕ್ಕಿಳಿಸುತ್ತದೆ. ಕರಗಿದ ಕ್ಯಾಲ್ಸಿಯಂ ನೀರಲ್ಲೇ ಇರುತ್ತದೆ.

ಪ್ರಶ್ನೆ: ಪೈಪಿಗೆ ಕಟ್ಟುವ ಮ್ಯಾಗ್ನೆಟ್?

ಉತ್ತರ: ದುಡ್ಡು ದಂಡ. ಕ್ಯಾಲ್ಸಿಯಂ ತೆಗೆಯಲು ರೆಸಿನ್ (ಕ್ಯಾಲ್ಸಿಯಂ ಹಿಡಿದಿಡುವ ಸಣ್ಣ ಮಣಿಗಳು) ಇರುವ ಸಾಫ್ಟನರ್ ಬೇಕು, ಅದಕ್ಕೆ ಆಗಾಗ ಉಪ್ಪೂ ಹಾಕಬೇಕು.

ಪ್ರಶ್ನೆ: ಬಿ.ಪಿ. ಇರುವವರಿಗೆ ಸೈಂಧವ ಲವಣ ಒಳ್ಳೆಯದಂತೆ?

ಉತ್ತರ: ಅದೂ ಸೋಡಿಯಂ ಕ್ಲೋರೈಡೇ. ಅಯೋಡಿನ್ ಬೆರೆಸದಿದ್ದರೆ ಅದೊಂದು ಕೊರತೆ ಬೇರೆ. ಮಾರುವವರ ಮಾತು ಕೇಳಿ ಕೈ ಸಡಿಲ ಬಿಡಬೇಡಿ.